ಬಣ್ಣದ ಬೆನ್ನಿಗೆ ಸುಣ್ಣ

ಅಂಬಿಕಾ ಕೆಮಿಸ್ಟ್ರಿಯಲ್ಲಿ ಮೂರು ಮಾರ್ಕಿಗೆ ನಪಾಸಾದಳು. ಆ ಮೂರು ಮಾರ್ಕು ಎಲ್ಲಿ ಹೋದವು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ನಮ್ಮ ದಾದಾ, ಅಂದರೆ ಅಪ್ಪನ ಅಪ್ಪ, ಫಕೀರಸಾಬ ಗುಂಡಗುರ್ತಿಯಲ್ಲಿ ಮೊಹರಂ ಬಂದರೆ ರಿವಾಯತ ಪದ ಹಾಡುವವರು. ಕರ್ಬಲಾದ ಕತೆಯನ್ನು ಕನ್ನಡದಲ್ಲಿ, ಇಡೀ ಊರು ಅಳುವ ಹಾಗೆ. ಅವರ ಮಗ್ಗುಲಲ್ಲಿ ಕುಂತು ಕೇಳಿ ಬೆಳೆದಾಕಿ ನಾನು. ಓದಿದ್ದು ನನಗೆ ಮರೆತುಹೋಗುತ್ತದೆ, ಕೇಳಿದ್ದು ಉಳಿಯುತ್ತದೆ. ದಾದಾರದು ಒಂದು ರೂಢಿ ಇತ್ತು. ಹಾಡುವಾಗ ಒಂದು ಹೆಸರು ಹಿಂದುಮುಂದಾದರೂ ಅಲ್ಲೇ ನಿಲ್ಲಿಸಿ, ಎರಡೂ ಕಿವಿ ಹಿಡಿದುಕೊಂಡು, "ತಪ್ಪಾತ್ರಿ, ಮಾಫ್ ಮಾಡ್ರಿ" ಎಂದು ಕೂತವರಿಗೆಲ್ಲ ಹೇಳಿ ಆ ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಿದ್ದರು. ಸಣ್ಣಾಕಿ ಇದ್ದಾಗ ನನಗೆ ಅದು ಹಾಡಿನದೇ ಒಂದು ಭಾಗ ಅನ್ನಿಸುತ್ತಿತ್ತು.

ಚಿತ್ತಾಪುರದಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್ ಓದುವಾಗ ನಮ್ಮ ಬೆಂಚಿಗೆಲ್ಲ ದೊಡ್ಡ ಕಾಟವಾದದ್ದು ಸಾಲ್ಟ್ ಅನಾಲಿಸಿಸ್. ಒಂದು ಚಿಟಿಕೆ ಬಿಳಿ ಪುಡಿ ಕೊಡುತ್ತಾರೆ. ಅದರಲ್ಲಿ ಏನಿದೆ ಎಂದು ನಾವು ಕಂಡುಹಿಡಿಯಬೇಕು. ಐದನೆಯ ಗುಂಪಿನಲ್ಲಿ ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ ಎಂದು ಮೂವರು. ಮೂರು ಬಾಟಲಿಯ ದ್ರಾವಣಗಳನ್ನು ಒಂದಾದ ಮೇಲೊಂದು ಹನಿಸಿ, ಯಾವುದಕ್ಕೆ ತಳದಲ್ಲಿ ಗಷ್ಟು ಕುಂದರುತ್ತದೋ ನೋಡಿ ಹೆಸರು ಹೇಳಬೇಕು. ಯಾರಿಗೂ ನೆನಪು ಉಳಿಯುತ್ತಿರಲಿಲ್ಲ. ಚಿಮ್ಮನಚೋಡದಿಂದ ಬಂದು ಹಾಸ್ಟೆಲಿನಲ್ಲಿದ್ದ ಅಂಬಿಕಾಗಂತೂ ಅಳುವೇ ಬರುತ್ತಿತ್ತು. "ಥಿಯರಿ ನನ್ನ ಕೈಲಿ ಆಗಂಗಿಲ್ಲ ನಾಹಿದಾ. ಪ್ರಾಕ್ಟಿಕಲ್ ಮ್ಯಾಲೇ ನಾ ಪಾಸಾಗಬೇಕು. ಪಾಸಾದ್ರ ನರ್ಸಿಂಗ್, ಇಲ್ಲಂದ್ರ ಮನ್ಯಾಗ ಕುಂದ್ರದು," ಎಂದಿದ್ದಳು.

ಒಂದು ದಿನ ಬಸ್ಸಿನಲ್ಲಿ ಬರುವಾಗ ರಿವಾಯತದ ಧಾಟಿಯಲ್ಲಿ ಪದ ಕಟ್ಟಿದೆ.

ಕ್ರೋಮೇಟ ಹನಿಸಿದರ ಹಳದಿಯ ಬಣ್ಣ,
ಬೇರಿಯಂ ಬಂದಾನ ದೊಡ್ಡಣ್ಣ;
ಆಕ್ಸಲೇಟ ಹನಿಸಿದರ ಬೆಳ್ಳನ್ನ ಸುಣ್ಣ,
ಕ್ಯಾಲ್ಸಿಯಂ ಬಂದಾನ ನಡುವಣ್ಣ;
ಸಲ್ಫೇಟ ಹನಿಸಿದರ ಉಳಿದಾವನೊಬ್ಬ,
ಸ್ಟ್ರಾನ್ಷಿಯಂ ಅಂಬಾವ ಕಡೆಹುಟ್ಟ.

ಬಣ್ಣದ ಬೆನ್ನಿಗೆ ಸುಣ್ಣ ಬಂದರೇ ಕಿವಿಗೆ ತೃಪ್ತಿ. ಪುಸ್ತಕ ತೆಗೆದು ನೋಡುವ ಗೋಜಿಗೆ ನಾನು ಹೋಗಲಿಲ್ಲ. ವಾರದೊಳಗೆ ಇಡೀ ಕ್ಲಾಸಿನ ಬಾಯಲ್ಲಿ ಅದೇ ಪದ. ಲಕ್ಷ್ಮಿಕಾಂತ ಎಂಬ ತುಂಟ ಬೆಂಚು ಬಡಿದು ತಾಳ ಹಾಕುತ್ತಿದ್ದ. "ಕವಿಗಳು ಬಂದ್ರಪಾ, ಸರೀರಿ, ಜಾಗ ಬಿಡ್ರಿ!"

ಪ್ರಾಕ್ಟಿಕಲ್ ಪರೀಕ್ಷೆಗೆ ಮೂರು ದಿನ ಇದ್ದಾಗ ಲ್ಯಾಬಿನಲ್ಲಿ ಪದ ಗುನುಗುತ್ತ ಆಕ್ಸಲೇಟಿನ ಬಾಟಲಿಗೆ ಕೈ ಹಾಕಿದೆ. ನಮ್ಮ ಕೆಮಿಸ್ಟ್ರಿ ಲೆಕ್ಚರರ್ ಉದಯಕುಮಾರ ಸರ್ ತಡೆದರು.

"ಏಯ್, ಏನ್ ಮಾಡ್ಲಿಕತ್ತಿ? ಸಲ್ಫೇಟ್ ಮೊದಲ, ಆಮ್ಯಾಲ ಆಕ್ಸಲೇಟ್. ಆಕ್ಸಲೇಟ್ ಮೊದಲ ಹಾಕಿದ್ರ ಸ್ಟ್ರಾನ್ಷಿಯಮ್ಮೂ ಬೆಳ್ಳಗ ಕುಂದರ್ತದ. ನೀ ಕ್ಯಾಲ್ಸಿಯಂ ಅಂತ ಬರದು ಬರ್ತಿ."

"ಹೌದ್ರಿ ಸರ್," ಎಂದೆ. ಕಿವಿ ಬಿಸಿಯಾದವು. ಪದ ಕಟ್ಟಿದವಳು ನಾನೆಂದು ಅವರಿಗೆ ಗೊತ್ತಿರಲಿಲ್ಲ, ನಾನು ಹೇಳಲಿಲ್ಲ.

ಮರುದಿನ ಬೀಳ್ಕೊಡುಗೆ. ಎಲ್ಲರಿಗೂ ಅಲ್ಲೇ ಹೇಳಿಬಿಡುತ್ತೇನೆ ಎಂದುಕೊಂಡು ಹೋಗಿದ್ದೆ. ಉದಯಕುಮಾರ ಸರ್ ಕಲಬುರಗಿಗೆ ಹೋಗಿದ್ದರು. ಅಂಬಿಕಾ ನನ್ನನ್ನು ಎಳೆದು ವೇದಿಕೆಗೆ ಹತ್ತಿಸಿದಳು, ಮೈಕು ಕೈಗೆ ಬಂತು. ಮುಂದೆ ಇನ್ನೂರು ಮಂದಿ. ಮೂರನೆಯ ಸಾಲಿಗೆ ಬರುವಾಗ ಸಲ್ಫೇಟನ್ನು ಮುಂದಕ್ಕೆ ತರಲು ಮನಸ್ಸಿನಲ್ಲೇ ಹೊರಳಿಸಿ ನೋಡಿದೆ. ಪ್ರಾಸ ಮುರಿಯುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ತಪ್ಪನ್ನೇ ಹಾಡಿದೆ. ಮೊದಲ ಸಲ ತಿಳಿಯದೆ ಕಟ್ಟಿದ್ದೆ. ಈ ಸಲ ತಿಳಿದೂ ಹಾಡಿದೆ. ಅಲ್ಲಾಹನ ಮುಂದೆ ಈ ಎರಡನ್ನೂ ಒಂದೇ ಅನ್ನಲಿಕ್ಕೆ ನನಗೆ ಬಾಯಿಲ್ಲ.

ಪರೀಕ್ಷೆಯ ದಿನ ನಾನು ಮೊದಲ ಬ್ಯಾಚು, ಅಂಬಿಕಾ ಎರಡನೆಯದು. ನನಗೆ ಅಲ್ಯುಮಿನಿಯಂ ಬಂತು, ಅದು ಐದನೆಯ ಗುಂಪಿನದಲ್ಲ. ಹೊರಗೆ ಬಂದಾಗ ಅವಳು ಬಾಗಿಲಲ್ಲಿ ನಿಂತಿದ್ದಳು.

"ಹ್ಯಾಂಗಾತು?"

"ಛಲೋ ಆತು."

"ನಂದೂ ಆಗ್ತದ ಬಿಡು. ನಿನ್ನ ಪದ ಇದ್ದೇ ಅದಲ್ಲ," ಎಂದು ನನ್ನ ಗಲ್ಲ ಹಿಂಡಿದಳು.

"ಅಂಬಿಕಾ..."

"ಏನ?"

ಹಿಂದೆ ಲಕ್ಷ್ಮಿಕಾಂತ ನಿಂತಿದ್ದ. ಅವನು ನಕ್ಕಾನು ಎನ್ನಿಸಿತು. ಅಷ್ಟೇ ಕಾರಣ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ನನಗೆ ಸಿಕ್ಕಿಲ್ಲ.

"ಏನಿಲ್ಲ. ಹುಷಾರ್ ಮಾಡು," ಎಂದೆ.

ಮರುದಿನ ಉದಯಕುಮಾರ ಸರ್ ಕಾರಿಡಾರಿನಲ್ಲಿ ಸಿಕ್ಕು, "ನಿನ್ನ ಗೆಳತಿಗಿ ಸ್ಟ್ರಾನ್ಷಿಯಂ ಕೊಟ್ಟಿದ್ರ ಕ್ಯಾಲ್ಸಿಯಂ ಬರದಾಳ ನೋಡವ್ವ. ಆಕ್ಸಲೇಟ್ ಮೊದಲ ಹಾಕ್ಯಾಳ," ಎಂದರು. ಬೇರೆ ಯಾರಿಗೂ ಐದನೆಯ ಗುಂಪು ಬಂದಿರಲಿಲ್ಲ.

ರಿಸಲ್ಟ್ ಬಂತು. ನನಗೆ ಕೆಮಿಸ್ಟ್ರಿಯಲ್ಲಿ ತೊಂಬತ್ತೊಂದು. ಮೂರು ದಿನ ನಮಾಜಿನಲ್ಲಿ ಹಣೆ ನೆಲಕ್ಕಿಟ್ಟು ಸಜ್ದಾಕ್ಕೆ ಹೋದರೆ ತಲೆ ಎತ್ತಲಿಕ್ಕೆ ಮನಸ್ಸು ಬರುತ್ತಿರಲಿಲ್ಲ. ನಾಲ್ಕನೆಯ ದಿನ ಚಿಮ್ಮನಚೋಡದ ಬಸ್ಸು ಹತ್ತಿದೆ.

ಅಂಬಿಕಾ ಅಂಗಳದಲ್ಲಿ ಅವರವ್ವ ನಾಗರತ್ನಾರ ಜೊತೆ ಹಪ್ಪಳ ಒಣಹಾಕುತ್ತಿದ್ದಳು. ಕಣ್ಣು ಬಾತಿದ್ದವು. ಅವರವ್ವ ಎದ್ದು ಬಂದು ನನ್ನ ಕೈ ಹಿಡಿದರು.

"ಇಕೀನೇ ಏನು ಪದ ಕಟ್ಟಿದಾಕಿ? ಬಾ ತಾಯಿ, ಕುಂದ್ರು. ಮನೀಗಿ ಬಂದಾಗೆಲ್ಲ ಅದೇ ಗುನುಗ್ತಿದ್ಲು. ನನಗೂ ಬರ್ತದ ನೋಡು: ಆಕ್ಸಲೇಟ ಹನಿಸಿದರ ಬೆಳ್ಳನ್ನ ಸುಣ್ಣ... ನಾ ಶಾಲೀ ಮುಖಾನೇ ನೋಡಿಲ್ಲ, ನನ್ನ ಬಾಯಾಗೂ ಕುಂತದ. ಒಂದ್ಸಲ ಹಾಡು, ಪೂರಾ ಕೇಳ್ತೀನಿ."

"ಇವತ್ತ ಬ್ಯಾಡ್ರಿ," ಎಂದೆ.

"ನಾಚ್ತದ ಕೂಸು," ಎಂದು ನಕ್ಕು ಅವರು ಚಹಾ ಇಡಲು ಒಳಗೆ ಹೋದರು.

ಆಗ ಹೇಳಿದೆ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಬಿಟ್ಟು ಹೇಳಿದೆ: ಪದ ತಪ್ಪಿತ್ತು, ಪರೀಕ್ಷೆಗೆ ಮೊದಲೇ ನನಗೆ ಗೊತ್ತಾಗಿತ್ತು, ವೇದಿಕೆಯ ಮೇಲೆ ಗೊತ್ತಿದ್ದೂ ಹಾಡಿದೆ, ಬಾಗಿಲಲ್ಲಿ ನೀನು ಸಿಕ್ಕಾಗಲೂ ಹೇಳಲಿಲ್ಲ.

ಅಂಬಿಕಾ ಕೈಯಲ್ಲಿದ್ದ ಹಪ್ಪಳವನ್ನು ಕೆಳಗಿಡಲಿಲ್ಲ.

"ಪುಡಿ ಬರ್ನರಿನ ಮ್ಯಾಲ ಹಿಡದಾಗ ಉರಿ ಭಾಳ ಚೆಂದ ಕೆಂಪಿತ್ತು," ಎಂದಳು. "ಕುಂಕುಮ ಇದ್ದಂಗ. ಕ್ಯಾಲ್ಸಿಯಂ ಆದ್ರ ಇಟ್ಟಂಗಿ ಕೆಂಪು ಇರ್ಬೇಕಂತ ನನಗೂ ಗೊತ್ತಿತ್ತು. ಹಿಂಗ್ಯಾಕ ಕಾಣ್ತದ ಅಂದೆ. ಆಮ್ಯಾಲ, ನಾಹಿದಾ ಕಟ್ಟಿದ್ದು ತಪ್ಪಿರಲ್ಲ, ನನ್ನ ಕಣ್ಣೇ ಸುಳ್ಳು ಅಂದು ಇಟ್ಟಂಗಿ ಅಂತ ಬರದೆ."

ನಾನು ಮಾಫ್ ಮಾಡು ಎಂದೆ. ಅವಳು ಒಳಗೆ ಹೋಗಿ ನೋಟ್‌ಬುಕ್ಕು, ಪೆನ್ನು ತಂದಳು.

"ಸರಿ ಯಾವ್ದು, ಹೇಳು."

ಗಂಟಲು ಸರಿಮಾಡಿಕೊಂಡೆ. ಅಭ್ಯಾಸ, ದನಿ ತಾನೇ ಧಾಟಿಗೆ ಏರುತ್ತಿತ್ತು.

"ಹಾಡಬ್ಯಾಡ," ಎಂದಳು. "ಸುಮ್ನ ಹೇಳು."

ಹೇಳಿದೆ. ಮೊದಲು ಕ್ರೋಮೇಟ್, ಆಮೇಲೆ ಸಲ್ಫೇಟ್, ಕಡೆಗೆ ಆಕ್ಸಲೇಟ್. ಅವಳು ಮೂರು ಸಾಲು ಬರೆದಳು. ನನ್ನ ಮುಖ ನೋಡದೆ, "ಪುಸ್ತಕದಾಗ ಒಮ್ಮೆ ನೋಡ್ಕೋತೀನಿ," ಎಂದಳು.

ಚಹಾ ಕುಡಿದೆ. ಬಸ್‌ಸ್ಟ್ಯಾಂಡಿನ ತನಕ ನಾಗರತ್ನಾ ಒಬ್ಬರೇ ಬಂದರು. ದಾರಿಯುದ್ದಕ್ಕೂ ನನ್ನನ್ನು ಹೊಗಳುತ್ತ ಬಂದರು.