ಆರು ಬೆರಳಿನ ಗೂಡು

ಟಿವಿ ಕೆಳಗಿನ ಗೂಡಿನ ಎತ್ತರ ಎಷ್ಟು ಎಂದು ನಾನು ಫೋನಿನಲ್ಲೇ ಕೇಳಿದ್ದೆ. ತಂಗಿ ಉಷಾರಾಣಿ ತನ್ನ ಗಂಡ ಶ್ರೀನಿವಾಸನನ್ನು ವಿಚಾರಿಸಿ, "ಆರು ಬೆರಳಂತೆ ಕಣಣ್ಣ" ಎಂದಳು. ಹೊಸದುರ್ಗದ ಕೊಬ್ಬರಿ ಮಂಡಿಯಲ್ಲಿ ದಿನವಿಡೀ ತೂಕ ಬರೆಯುವವನು ನಾನು. ಅನುಮಾನ ಬಂದರೆ ಎರಡು ಸಲ ತೂಗಿಸುತ್ತೇನೆ. ಅವತ್ತು ಮಾತ್ರ ನನ್ನದೇ ಆರು ಬೆರಳುಗಳನ್ನು ಮೇಜಿನ ಮೇಲೆ ಜೋಡಿಸಿ ಟೇಪು ಹಿಡಿದೆ. ಹನ್ನೊಂದು ಸೆಂಟಿಮೀಟರ್ ಬಂತು. ಹತ್ತು ಸೆಂಟಿಮೀಟರ್ ಎತ್ತರದ, ಕಂಪ್ಯೂಟರ್ ಕೂರಿಸುವ ತೆಳು ಪೆಟ್ಟಿಗೆ ತರಿಸಿದೆ. ಒಂದು ಭಾನುವಾರ ಭೀಮಸಮುದ್ರದ ಅವರ ಮನೆಗೆ ಹೋಗಿ ಅಳೆದು ಬರಬಹುದಿತ್ತು. ಎರಡು ಬಸ್ಸು ಬದಲಾಯಿಸಬೇಕಲ್ಲ ಎಂದು ಹೋಗಲಿಲ್ಲ.

ಅವರ ಹೊಸ ಮನೆಗೆ ಸಿನಿಮಾ ನೋಡುವ ಕಂಪ್ಯೂಟರ್ ಬೇಕಾಗಿತ್ತು. ಶ್ರೀನಿವಾಸ ಚಿತ್ರದುರ್ಗದ ಅಂಗಡಿಯಿಂದ ತರುವ ಯೋಚನೆಯಲ್ಲಿದ್ದ. ಆಗ ಉಷಾ, ಆ ಮನೆ ಸೇರಿ ಐದು ವರ್ಷವಾದ ಮೇಲೆ ಮೊದಲ ಸಲ ನಡುವೆ ಬಾಯಿ ಹಾಕಿ, "ನಮ್ಮಣ್ಣ ಮಾಡ್ಕೊಡ್ತಾನೆ, ಸಂಜೆ ಕ್ಲಾಸಲ್ಲಿ ಕಲ್ತವ್ನೆ" ಅಂದಿದ್ದಳು. ಅತ್ತೆ ಉಚ್ಚಂಗಮ್ಮ, "ನೋಡಾಣ, ನಿನ್ ಮಾತು ಎಷ್ಟರಮಟ್ಟಿಗೆ ನಿಲ್ತೈತೆ ಅಂತ" ಅಂದರಂತೆ. ಉಷಾಗೆ ಚಿತ್ರದುರ್ಗದಲ್ಲಿ ಬಿ.ಎಡ್. ಸೇರುವ ಆಸೆ. ಈ ಕೆಲಸ ಸರಿಹೋದ ದಿನವೇ ಅತ್ತೆಯನ್ನು ಕೇಳುತ್ತೇನೆ ಎಂದು ನನಗೆ ಹೇಳಿದ್ದಳು. ಅದನ್ನು ಕೇಳಿದ ಮೇಲೆ ಒಂದೊಂದು ಸ್ಕ್ರೂವನ್ನೂ ಮೂರು ಸಲ ಬಿಚ್ಚಿ ಹಾಕಿದ್ದೇನೆ.

ಭಾನುವಾರ ಮಧ್ಯಾಹ್ನ ಪೆಟ್ಟಿಗೆಯನ್ನು ಗೂಡಿಗೆ ತಳ್ಳಿದೆ. ಮೇಲಿನ ಕಲ್ಲಿಗೆ ತಗುಲಿ ನಿಂತಿತು.

"ಯಾಕ್ ಭಾವ, ಒಳಾಕೆ ಹೋಗ್ವಲ್ದಾ?" ಎಂದ ಶ್ರೀನಿವಾಸ.

"ಆರು ಬೆರಳು ಅಂದಿದ್ರಲ್ಲ?"

"ಹೂಂ, ಅಮ್ಮಂದು. ಈ ಮನೆ ಆಯ ಎಲ್ಲಾ ಅಮ್ಮನ ಕೈಯಿಂದ್ಲೇ ತಗಂಡಿದ್ದು. ಅಪ್ಪ ಹೋದ್ಮ್ಯಾಲೆ ಯಜಮಾನಿ ಅಮ್ಮನೇ ಅಲ್ವಾ?"

ಮನೆಗೆ ಶುಭವಾಗಲೆಂದು ಬಾಗಿಲು, ಕಿಟಕಿ, ಗೂಡು, ಎಲ್ಲವನ್ನೂ ಗಾರೆ ಬೀರಪ್ಪ ಯಜಮಾನಿಯ ಮೊಳ, ಗೇಣು, ಬೆರಳಿನಲ್ಲೇ ಅಳೆದು ಕಟ್ಟಿದ್ದನಂತೆ. ಉಚ್ಚಂಗಮ್ಮನ ಕೈ ನೋಡಿದೆ. ಹೈಸ್ಕೂಲು ಹುಡುಗಿಯ ಕೈಯಷ್ಟು ಸಣ್ಣದು. ಟೇಪು ಹಿಡಿದರೆ ಗೂಡು ಒಂಬತ್ತೂವರೆ.

"ಕಲ್ಲನ್ನ ಒಂಚೂರು ಕೊರೆಸಿದ್ರೆ..." ಎಂದೆ.

"ಆಯ ಕೆಡ್ಸಾಕೆ ಬಂದೀಯೇನಪ್ಪ?" ಉಚ್ಚಂಗಮ್ಮ ನಗುತ್ತಲೇ ಕೇಳಿದರು. "ಪೆಟ್ಟಿಗೆ ಕೊರಿ, ಕಲ್ಲಲ್ಲ."

"ಹೊರಗೆ, ಸ್ಟೂಲ್ ಮೇಲಿಟ್ರೆ?"

"ಗೂಡು ಮಾಡ್ಸಿರೋದು ಯಾತಕ್ಕೆ ಮತ್ತೆ? ಬೆಕ್ಕು ಮಲಗಾಕಾ?"

ಎಲ್ಲರೂ ನಕ್ಕರು. ಉಷಾ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಪೆಟ್ಟಿಗೆಯ ಕೆಳಗಿನ ನಾಲ್ಕು ರಬ್ಬರ್ ಕಾಲುಗಳನ್ನು ಕಿತ್ತುಹಾಕಿದೆ. ಒಂದು ಸೆಂಟಿಮೀಟರ್ ಇಳಿಯಿತು, ಒಳಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಗೊತ್ತಿತ್ತು: ಪೆಟ್ಟಿಗೆ ಗಾಳಿ ಎಳೆದುಕೊಳ್ಳುವುದು ಮುಚ್ಚಳದ ಮೇಲಿನ ತೂತುಗಳಿಂದ. ಅದರ ಮೇಲೀಗ ಅರ್ಧ ಸೆಂಟಿಮೀಟರ್ ಸಂದು, ಆಮೇಲೆ ಕಲ್ಲು. ಹಿಂದೆ ಗೋಡೆ, ಎರಡು ಪಕ್ಕದಲ್ಲೂ ಗೋಡೆ.

ಆಗಲೇ ಹೇಳಬೇಕಿತ್ತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಶ್ರೀನಿವಾಸ ಅವರ ಮದುವೆ ವಿಡಿಯೋ ಹಾಕಿಸಿದ. ಮೂರು ಗಂಟೆ ನಲವತ್ತು ನಿಮಿಷದ್ದು.

ದೊಡ್ಡ ಪರದೆಯಲ್ಲಿ ನಮ್ಮ ಚಿಕ್ಕಪ್ಪಂದಿರು, ಹೂವಿನ ಮಂಟಪ, ಡೋಲು. ರಿಪೇರಿಗೆ ಅನುಕೂಲವಾಗಲೆಂದು ನನ್ನ ಫೋನಿನಲ್ಲೇ ಆ ಕಂಪ್ಯೂಟರನ್ನು ನಡೆಸುವ ಏರ್ಪಾಡು ಮಾಡಿಕೊಂಡಿದ್ದೆ. ಮಡಿಲಲ್ಲಿ ಫೋನು ಮರೆಮಾಡಿಕೊಂಡು ಬಿಸಿ ನೋಡಿದೆ. ಎಪ್ಪತ್ತೊಂದು ಡಿಗ್ರಿ. ಬೀಗರು ಬಸ್ಸಿನಿಂದ ಇಳಿಯುವಾಗ ಎಪ್ಪತ್ತೊಂಬತ್ತು. ಅರಿಶಿನದ ಶಾಸ್ತ್ರಕ್ಕೆ ಎಂಬತ್ತೆಂಟು. ನೂರರ ಹತ್ತಿರ ಹೋದರೆ ತಾನಾಗಿಯೇ ಆರಿಹೋಗುತ್ತದೆ. ಫ್ಯಾನು ರೊಯ್ಯೆಂದು ಕೂಗತೊಡಗಿತು.

"ಏನದು, ಮಿಕ್ಸಿ ಹಾಕ್ದಂಗೆ?" ಎಂದರು ಉಚ್ಚಂಗಮ್ಮ. "ಉಷಾ, ನಿಮ್ಮಣ್ಣನ ಪೆಟ್ಟಿಗೆ ಅಳ್ತೈತಲ್ಲೇ."

ಉಷಾ ಎದ್ದು ಅಡುಗೆಮನೆಗೆ ಹೋದಳು. ತೊಂಬತ್ತಮೂರು. ನಾನು ಫೋನಿನಲ್ಲಿ ಒಂದೇ ಒಂದು ಅಂಕಿ ಬದಲಾಯಿಸಿದೆ. ಕಂಪ್ಯೂಟರಿನ ಮೆದುಳಾದ ಚಿಪ್ ನೂರಕ್ಕೆ ನಲವತ್ತರಷ್ಟು ಮಾತ್ರ ಕೆಲಸ ಮಾಡಲಿ ಎಂದು ಮಿತಿ ಹಾಕಿದೆ. ಅರೆ ನಿಮಿಷದಲ್ಲಿ ಫ್ಯಾನಿನ ಕೂಗು ನಿಂತಿತು. ಬಿಸಿ ಎಪ್ಪತ್ತಕ್ಕೆ ಇಳಿಯಿತು. ಚಿತ್ರ ಆಗೀಗ ತಡವರಿಸುತ್ತಿತ್ತು. ಡೋಲಿನ ಕೋಲು ಬಿದ್ದ ಮೇಲೆ ಸದ್ದು ಬರುತ್ತಿತ್ತು.

"ಹಳೇ ವಿಡಿಯೋ ಅಲ್ವಾ, ಹಂಗೇ" ಎಂದ ಶ್ರೀನಿವಾಸ.

"ಈಗ ನೋಡು, ಉಸಿರೇ ಇಲ್ಲ. ಇಂಗಿರ್ಬೇಕು" ಎಂದರು ಉಚ್ಚಂಗಮ್ಮ.

ನೀರು ಕುಡಿಯುವ ನೆಪ ಮಾಡಿ ಅಡುಗೆಮನೆಗೆ ಹೋದೆ. ಉಷಾ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು.

"ಏನ್ ಮಾಡ್ದೆ ಅದಕ್ಕೆ?" ಪಿಸುಗುಟ್ಟಿದಳು.

"ಅರ್ಧಕ್ಕರ್ಧ ಶಕ್ತಿ ಕಟ್ಹಾಕಿದೀನಿ. ನನ್ನ ಅಳತೆ ತಪ್ಪು ಕಣೆ. ಅದಿರೋ ಜಾಗದಲ್ಲಿ ಅದಕ್ಕೆ ಉಸಿರಾಡಾಕೆ ಆಗಲ್ಲ. ಬೇಸಿಗೇಲಿ ಇಷ್ಟೂ ತಡೀತೈತೋ ಇಲ್ವೋ. ಈಗ್ಲೇ ಹೇಳ್ಬಿಡ್ತೀನಿ, ಬೇರೆ ಪೆಟ್ಟಿಗೆ ತರ್ತೀನಿ."

"ಸುಮ್ನಿರಣ್ಣ." ಅವಳು ನನ್ನ ಕೈಗೆ ಮಂಡಕ್ಕಿ ತಟ್ಟೆಗಳನ್ನು ಇಟ್ಟಳು. "ಇವತ್ತೊಂದಿನ ಸುಮ್ನಿರು."

ತಟ್ಟೆ ಹಿಡಿದು ಹಾಲ್‌ಗೆ ಬಂದೆವು. ಉಷಾ ಅತ್ತೆಯ ಪಕ್ಕ ನೆಲದ ಮೇಲೆ ಕುಳಿತು, ಪರದೆಯ ಕಡೆ ನೋಡುತ್ತಲೇ ಬಿ.ಎಡ್. ಮಾತು ಎತ್ತಿದಳು. ಅವಳ ದನಿ ಕೊನೆಕೊನೆಗೆ ಡೋಲಿನ ಸದ್ದಿನಲ್ಲಿ ಮುಳುಗಿತು. ಉಚ್ಚಂಗಮ್ಮ ಒಂದು ಹಿಡಿ ಮಂಡಕ್ಕಿ ಅಗಿದು ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ತಾಳ್ಯ ಊರಾಗೆ ನನ್ ಮಗಳು ಮೇಘಶ್ರೀನೂ ಮನೆ ಕಟ್ಟಿಸ್ತಾವ್ಳೆ. ಅಲ್ಲೂ ಬೀರಪ್ಪಂದೇ ಕೆಲ್ಸ, ನನ್ ಕೈಯಳತೇನೇ. ಗೂಡು ಆಗ್ಲೇ ಆಗೈತೆ. ಅಲ್ಲಿಗೂ ಇಂಥದ್ದೇ ಒಂದು ಮಾಡ್ಕೊಡಪ್ಪ. ಇದೇ ಪೆಟ್ಟಿಗೆ, ಇಂಗೇ ಸದ್ದಿಲ್ದಂಗೆ ಇರ್ಬೇಕು. ಅದು ಆಗ್ಲಿ, ಇವಳು ಓದಾಕೆ ಹೋಗ್ಲಿ. ನಂದೇನೂ ಅಡ್ಡಿಯಿಲ್ಲ."

"ಅದು ಹಂಗಲ್ಲಮ್ಮ, ಈ ಪೆಟ್ಟಿಗೇಲಿ..." ಎಂದು ಶುರು ಮಾಡಿದೆ.

"ಯಾಕಪ್ಪ, ಆಗಲ್ವಾ?"

ಉಷಾ ತಲೆ ಎತ್ತಲಿಲ್ಲ. ಅವಳ ಬೆರಳುಗಳು ತಟ್ಟೆಯಲ್ಲಿದ್ದ ಒಂದೊಂದೇ ಕಡಲೆಬೀಜವನ್ನು ಅಂಚಿಗೆ ಸರಿಸುತ್ತಿದ್ದವು. ನಿಜ ಹೇಳಿದರೆ ಅವಳ ಮಾತು ಬೀಳುತ್ತದೆ. ಹೇಳದಿದ್ದರೆ ಗೊತ್ತಿದ್ದೂ ಇನ್ನೊಂದು ಮನೆಗೆ ಉಸಿರುಕಟ್ಟುವ ಯಂತ್ರ ಇಡಬೇಕು. ಬೇಸಿಗೆಯಲ್ಲಿ ಎರಡೂ ಮನೆಗಳಿಂದ ಫೋನು ಬರುತ್ತದೆ. ಆಗ ಅವಳ ಬಿ.ಎಡ್. ಅರ್ಧಕ್ಕೆ ಬಂದಿರುತ್ತದೆ.

"ಆಗ್ತೈತೆ" ಎಂದೆ.

"ಮತ್ತೆ ಯಾಕ್ ನಿಂತೇ ಇದೀರಾ, ಕುಂತ್ಕಳ್ರಿ ಭಾವ" ಎಂದು ಶ್ರೀನಿವಾಸ ದಿಂಬು ಸರಿಸಿದ. "ಇನ್ನೂ ಧಾರೆನೇ ಬಂದಿಲ್ಲ."

ಕುಳಿತೆ. ಇನ್ನೂ ಎರಡೂವರೆ ಗಂಟೆ ಬಾಕಿಯಿತ್ತು.