ಒಂಟಿ ಗಂಟೆ

“ನಮ್ಮೋರು ಗೆಲ್ಲಲಿ ಅಂತ ಗಂಟೆ ಬಾರುಸ್ತೀರ, ಸರಿ. ಗೆಲ್ಲಾದು ಅಂದ್ರೆ ಅತ್ತಲಾಗೆ ಯಾವಳೋ ಎತ್ತ ಮಗ ಸಾಯ್ಬೇಕಲ್ವಾ ಬೀಗ್ರೇ? ಅಂಗಾರೆ ಅದು ಗೆಲುವಿನ ಗಂಟೆಯೋ, ಸಾವಿನ ಗಂಟೆಯೋ?”

ಹೀಗೆ ಕೇಳಿದ ನಟರಾಜು ಜಗಲಿಯ ಮೇಲೆ ಕಾಫಿ ಮುಟ್ಟದೆ ಕೂತಿದ್ದ. ಬಾಗೂರಿನಿಂದ ಬಸ್ಸು ಬದಲಾಯಿಸಿಕೊಂಡು ಬಂದದ್ದು ಬಸುರಿ ಮಗಳು ಪ್ರತಿಭಾಳನ್ನು ತವರಿಗೆ ಕರೆದೊಯ್ಯಲು. ಬಂದ ಕೆಲಸ ಮುಗಿಸಿಕೊಂಡು ಹೊರಡಬಾರದೆ? ಪುಣ್ಯಾತ್ಮನಿಗೆ ಸುಮ್ಮನಿರುವುದು ಗೊತ್ತಿದ್ದರೆ ತಾನೆ!

ಬೀಗ ಇನ್ನಾಸಪ್ಪ ಈ ಊರಿನ ಚರ್ಚಿನ ಗಂಟೆ ಹೊಡೆಯುವವನು. ಅವನ ಅಪ್ಪನೂ ಅದೇ ಹಗ್ಗ ಎಳೆದವನು. ಅವನ ಒಬ್ಬನೇ ಮಗ ಅಂತೋಣಿ, ಪ್ರತಿಭಾಳ ಗಂಡ, ಮಿಲಿಟರಿಯಲ್ಲಿದ್ದ. ಗಡಿಯಲ್ಲಿ ಗುಂಡಿನ ಸದ್ದು ಶುರುವಾದ ಮೇಲೆ ಅವನ ಫೋನು ಬಂದಿರಲಿಲ್ಲ. ಟೀವಿ ಹಾಕಿದರೆ ಬೆಂಕಿ, ಕಿರುಚಾಟ. ಆರಿಸಿದರೆ ಮನೆಯೇ ಬಿಕೋ ಅನ್ನುತ್ತಿತ್ತು. ಬೆಳಗಿನ ಪೂಜೆಯಲ್ಲಿ ಫಾದರ್, ಬೇರೆ ದಾರಿಯೇ ಇಲ್ಲದಾಗ ನಾಡು ಕಾಯಲು ಆಯುಧ ಹಿಡಿಯುವುದು ಪಾಪವಲ್ಲ ಎಂದಿದ್ದರು. ಸಂಜೆ ಸೈನಿಕರಿಗಾಗಿ ವಿಶೇಷ ಪೂಜೆ ಇದೆ, ಪಕ್ಕದೂರು ಹಳೇಕೋಟೆಗೂ ಕೇಳುವಂತೆ ಗಂಟೆ ಹೊಡಿ ಎಂದೂ ಇನ್ನಾಸಪ್ಪನಿಗೆ ಹೇಳಿದ್ದರು.

ನಟರಾಜುವೂ ಕ್ರೈಸ್ತನೇ, ಆದರೆ ಬೇರೆ ಪಂಗಡ. ಅವನ ಸಭೆಗೆ ಗಂಟೆಯಿಲ್ಲ, ಗೋಪುರವಿಲ್ಲ, ಶೀಟಿನ ಮಾಡು. ಅಲ್ಲಿ ದೀಕ್ಷಾಸ್ನಾನ ಆದವರು ಆಯುಧ ಮುಟ್ಟುವಂತಿಲ್ಲ. ಮಿಲಿಟರಿಯವನಿಗೆ ಹೆಣ್ಣು ಕೊಟ್ಟದ್ದಕ್ಕೆ ಸಭೆಯ ಒಬ್ಬ ಹಿರಿಯನೂ ಮದುವೆ ಊಟಕ್ಕೆ ಬಂದಿರಲಿಲ್ಲ.

“ಮನೆಗೆ ಕಳ್ಳ ನುಗ್ಗುದ್ರೆ ಬಾಗ್ಲಲ್ಲಿ ಮಂಡಿಯೂರಿ ಕೂತ್ಕತೀರಾ ನೀವು?” ಇನ್ನಾಸಪ್ಪನ ದನಿ ಏರಿತು.

“ಯೇಸುಸ್ವಾಮಿ ತನ್ನ ಇಡಿಯಾಕೆ ಬಂದೋರ ಮ್ಯಾಲೂ ಕತ್ತಿ ಎತ್ತಬ್ಯಾಡಿ ಅಂದ್ರು ಕಣ್ರೀ.”

“ದಂಡಿನೋನೊಬ್ಬ ಬಂದು ಕೈಮುಗುದಾಗ ಅದೇ ಸ್ವಾಮಿ ಕೆಲ್ಸ ಬುಡು ಅಂದ್ರಾ? ಅನ್ನಲಿಲ್ವಲ್ಲ!”

“ಇಬ್ರೂ ಸುಮ್ಕಿರಿ!” ಪ್ರತಿಭಾ ಒಳಗಿನಿಂದ ಬಂದಳು. ಫೋನು ಕೈಯಲ್ಲೇ ಇತ್ತು. “ಅವ್ರು ಉಸುರಾಡ್ತಾವ್ರಾ ಇಲ್ವಾ, ಅದ ಯೋಳಿ ಮೊದ್ಲು. ಯಾರಿಗಾರ ಗೊತ್ತಾ?”

ಅವಳಿಗೆ ಯುದ್ಧದ ನ್ಯಾಯ ಬೇಕಿರಲಿಲ್ಲ, ಗಂಡ ಬೇಕಾಗಿತ್ತು.

“ಅಪ್ಪಾ, ನೀನಾದ್ರೂ ಬೇಡ್ಕಳಪ್ಪ.”

“ಬದುಕಿ ಬರ್ಲಿ ಅಂತ ದಿನಾ ಬೇಡ್ಕತಾವ್ನಿ ಮಗಾ. ಗೆಲ್ಲಲಿ ಅಂತ ಮಾತ್ರ ನನ್ನ ಬಾಯಲ್ಲಿ ಬರಕಿಲ್ಲ. ನಡಿ, ಬಟ್ಟೆ ತುಂಬ್ಕೊ.”

“ಫೋನ್ ಬರೋಗಂಟ ನಾನು ಈ ಮನೆ ಒಸ್ಲು ದಾಟಕಿಲ್ಲ.”

ಇನ್ನಾಸಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಚರ್ಚಿನ ಕಡೆ ನಡೆದ. ಬೀಗನ ಮಾತು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಜೊತೆಗೇ ಬಂತು.

ಆ ಊರಿನಲ್ಲಿ ಗಂಟೆಯ ಭಾಷೆ ಹಸುಗೂಸಿಗೂ ಗೊತ್ತು. ಹಬ್ಬಕ್ಕಾದರೆ ಬಿಡುವಿಲ್ಲದೆ ಢಣಢಣ. ಸಾವಿಗಾದರೆ ಒಂದೇ ಏಟು, ಒಂದು ನಮೋಮರಿಯ ಜಪ ಹೇಳುವಷ್ಟು ಹೊತ್ತು ಮೌನ, ಮತ್ತೆ ಒಂದೇ ಏಟು. ಒಂಟಿ ಗಂಟೆ ಕೇಳಿದರೆ ಚರ್ಚಿಗೆ ಹೋಗುವವರು, ಗುಡಿಗೆ ಹೋಗುವವರು ಎನ್ನದೆ ಎಲ್ಲರೂ ಕೈಕೆಲಸ ಬಿಟ್ಟು ಸಾವಿನ ಮನೆಯ ಅಂಗಳಕ್ಕೆ ಬಂದು ಕೂರುತ್ತಾರೆ.

ಪ್ರತಿಭಾ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಮೊದಲ ಏಟು ಬಿತ್ತು. ಎರಡನೆಯದಕ್ಕೆ ಕಾದಳು. ಬರಲಿಲ್ಲ. ಎದುರು ಮನೆಯಲ್ಲಿ ನೀರು ಸೇದುತ್ತಿದ್ದ ರಾಟೆಯೂ ನಿಂತಿತು. ಆಮೇಲೆ ಬಿತ್ತು, ಒಂದೇ ಒಂದು. ಅವಳ ಕೈಯಲ್ಲಿದ್ದ ಬಟ್ಟೆ ಮಣ್ಣಿಗೆ ಜಾರಿತು.

ಮೊದಲು ಬಂದವಳು ಎದುರು ಮನೆಯ ಕಾಮಾಕ್ಷಮ್ಮ. ಯಾರ ಮನೆ ಎಂದು ಯಾರನ್ನೂ ಕೇಳಬೇಕಿರಲಿಲ್ಲ. ಗಡಿಯಲ್ಲಿ ಮಗನಿದ್ದ ಮನೆ ಊರಿಗೆಲ್ಲ ಅದೊಂದೇ. ಬಂದವಳೇ ಪ್ರತಿಭಾಳನ್ನು ತಬ್ಬಿಕೊಂಡಳು. “ಅಯ್ಯೋ ನನ್ನವ್ವಾ, ಯಾವಾಗ ಬಂತೇ ಸುದ್ದಿ?”

“ಸುದ್ದಿ ಬಂದಿಲ್ಲ ಕಣಮ್ಮಾ, ಸುದ್ದಿ ಬಂದಿಲ್ಲ...” ಎನ್ನುತ್ತಲೇ ಪ್ರತಿಭಾ ಕುಸಿದಳು. ತನಗಿಂತ ಮೊದಲು ಊರಿಗೇ ಗೊತ್ತಾಯಿತೇ? ಮಾವನಿಗೆ ಚರ್ಚಿನಲ್ಲೇ ಯಾರಾದರೂ ಹೇಳಿದರೇ? ಅಷ್ಟರಲ್ಲಿ ಅಂಗಳ ತುಂಬಿತ್ತು. ಹೆಂಗಸರು ಸೆರಗು ಬಾಯಿಗಿಟ್ಟು ಕೂತರು, ಗಂಡಸರು ಬೇಲಿಗುಂಟ ನಿಂತರು. ನಟರಾಜು ಮಾತ್ರ ಜಗಲಿಯ ಕಂಬ ಹಿಡಿದುಕೊಂಡು, “ಕರ್ತನೇ, ಕರ್ತನೇ” ಎನ್ನುತ್ತಿದ್ದ.

ಇನ್ನಾಸಪ್ಪ ಓಡಿ ಬಂದ. ಹೆಗಲ ಮೇಲೆ ಟವೆಲಿರಲಿಲ್ಲ.

“ಯಾರೂ ಸತ್ತಿಲ್ಲ ಕಣ್ರವ್ವಾ! ಎದ್ದೇಳಿ, ಎದ್ದೇಳಿ! ಕೈ ತಪ್ತು. ಹಗ್ಗ ಇಡುದ್ರೆ ಬೀಗ್ರ ಮಾತೇ ಕಿವೀಲಿ... ಫಾದರ್ ಬಂದು ಕೈ ಇಡ್ಕಳಗಂಟ ನಂಗೇ ತಿಳೀಲಿಲ್ಲ. ನನ್ನ ಕೈಗೆ ಉಳ ಬೀಳ!”

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬೊಬ್ಬರಾಗಿ ಎದ್ದು, ಪ್ರತಿಭಾಳ ಮುಖ ನೋಡದೆ, ಬರ್ತೀವಿ ಎಂದೂ ಹೇಳದೆ ಹೊರಟರು. ಸಾವಿನ ಮನೆಯಿಂದ ಹೊರಡುವಾಗ ಹಾಗೆ ಹೇಳುವುದಿಲ್ಲವಲ್ಲ. ಕಾಮಾಕ್ಷಮ್ಮ ಕೂಡ ಹೇಳಲಿಲ್ಲ.

ಸಂಜೆಯ ಪೂಜೆಗೆ ಊರಿನವರು ಯಾರೂ ಹೋಗಲಿಲ್ಲ. ಪ್ರತಿಭಾ ಜಗಲಿಯಲ್ಲಿ ಕೂತು, ಮಡಿಲಲ್ಲಿ ಫೋನಿಟ್ಟುಕೊಂಡು ಬೀದಿ ನೋಡುತ್ತಿದ್ದಳು. ಮೊದಲು ಕಾಮಾಕ್ಷಮ್ಮನ ಮನೆಯ ಹಿತ್ತಲಿನಿಂದ ಹೊಗೆ ಎದ್ದಿತು. ಆಮೇಲೆ ಅದರ ಪಕ್ಕದ ಮನೆ, ಆಮೇಲೆ ಚರ್ಚಿನ ಬೀದಿ, ಗುಡಿಯ ಬೀದಿ. ಅಡುಗೆ ಒಲೆಯ ಹೊಗೆಯಲ್ಲ. ಊರಿಗೆ ಊರೇ ಹಂಡೆಯೊಲೆ ಹಚ್ಚಿತ್ತು. ಸಾವಿನ ಮನೆಗೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಕಾಲಿಡುವುದಿಲ್ಲ.

ಅಂಗಳದಲ್ಲಿ ನಿಂತೇ ಇದ್ದ ಇನ್ನಾಸಪ್ಪ ತನ್ನ ಕೈಗಳನ್ನು ನೋಡಿಕೊಂಡು ಸೊಸೆಯ ಕಡೆ ತಿರುಗಿದ.

“ಅವ್ವಾ, ನನಗೂ ಒಂದೀಟು ನೀರು ಕಾಯ್ಸು.”

ಇಂಥ ಶಾಸ್ತ್ರಗಳನ್ನೆಲ್ಲ ಮೂಢನಂಬಿಕೆ ಎಂದು ಬೈಯುವ ನಟರಾಜು ಕೂಡ ಅಂಗಿ ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡು ಬಚ್ಚಲ ಕಡೆ ಹೊರಟಿದ್ದ.

ಪ್ರತಿಭಾ ನೆಲಕ್ಕೆ ಕೈಯೂರಿ ಎದ್ದಳು. ಅಪ್ಪನನ್ನು ಪಕ್ಕಕ್ಕೆ ಸರಿಸಿ ಬಚ್ಚಲ ಬಾಗಿಲು ಎಳೆದು ಚಿಲಕ ಹಾಕಿದಳು. ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ಈ ಮನೇಲಿ ಇವತ್ತು ಯಾರೂ ಮೀಯಂಗಿಲ್ಲ,” ಅಂದಳು.