ರಾಮದಾಸರ ಕೊಕ್ಕೆ

ವಿಧವೆಯನ್ನು ಪೂಜೆಯಿಂದ ದೂರ ನಿಲ್ಲಿಸಿದರೆ ಅವಳಿಗೆ ಬೇರೆ ಕೆಲಸವಿರುವುದಿಲ್ಲ, ಎಲ್ಲವನ್ನೂ ಕಣ್ಣಿಟ್ಟು ನೋಡುತ್ತಾಳೆ. ಆ ವರ್ಷದ ಆಯುಧಪೂಜೆಯ ದಿನ ಮದರಾಸಿನ ಗಿಂಡಿಯಲ್ಲಿದ್ದ ನಮ್ಮ ಶೆಡ್ಡಿನಲ್ಲಿ ನಾನು ಮಾಡಿದ್ದೂ ಅದನ್ನೇ. ಓರಗಿತ್ತಿ ಸುಗುಣಾ ನಮ್ಮ ಲಾರಿ ಕ್ರೇನಿಗೆ ಆರತಿ ಎತ್ತುತ್ತಿದ್ದಳು. ಅವಳ ಗಂಡ, ನನ್ನ ಮೈದುನ ಸದಾನಂದ, ಬೂದುಗುಂಬಳಕಾಯಿ ಹಿಡಿದು ನಿಂತಿದ್ದ. ನಾನು ಬಾಗಿಲ ಬಳಿಯಿಂದ ಕ್ರೇನಿನ ಕೊಕ್ಕೆಯನ್ನು ನೋಡುತ್ತಿದ್ದೆ.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಕ್ರೇನ್ ಅದು. ಉಡುಪಿ ಕಡೆಯ ನೆಂಟರೆಲ್ಲ ಮದರಾಸಿಗೆ ಬಂದು ಹೋಟೆಲಿನ ಗಲ್ಲಾ ಹಿಡಿದರೆ, ನನ್ನ ಗಂಡ ರಾಮದಾಸರು ಹಟ ಹಿಡಿದು ಇದನ್ನು ತಂದರು. ಅವರು ಕಾಮಾಲೆಯಲ್ಲಿ ತೀರಿಕೊಂಡು ವರ್ಷವಾಗಿತ್ತು. ಅವರ ಕೊಕ್ಕೆಯಿಂದ ಯಾವ ಭಾರವೂ ಜಾರಿಲ್ಲವೆಂದು ಗಿಂಡಿಯ ಕೈಗಾರಿಕಾ ಎಸ್ಟೇಟಿನಲ್ಲೆಲ್ಲ ಹೆಸರಿತ್ತು. ಅದಕ್ಕೇ ಪ್ರತಿ ಆಯುಧಪೂಜೆಗೂ ಹಳೆಯ ಬಣ್ಣ ಕೆರೆಯದೆ ಮೇಲೆ ಹೊಸ ಬಣ್ಣ ಬಳಿದು ಕುಂಕುಮ ಇಡುತ್ತಿದ್ದರು. ಎಷ್ಟು ಟನ್ನಿನ ಕೊಕ್ಕೆ ಎಂಬ ಅಚ್ಚು ಬಣ್ಣದಡಿ ಎಂದೋ ಮುಚ್ಚಿಹೋಗಿತ್ತು.

ನನ್ನ ಕಣ್ಣಿಗೆ ಬಿದ್ದದ್ದು ಅದರ ನಾಲಿಗೆ. ಹಾಕಿದ ಹಗ್ಗ ಹೊರಗೆ ಜಾರದಂತೆ ಕೊಕ್ಕೆಯ ಬಾಯಿ ಮುಚ್ಚುವ ಸ್ಪ್ರಿಂಗಿನ ಪಟ್ಟಿಗೆ ನಾವು ನಾಲಿಗೆ ಎನ್ನುತ್ತಿದ್ದೆವು. ಆ ಪಟ್ಟಿಯ ತುದಿಗೆ ಯಾರೋ ಇನ್ನೊಂದು ತುಂಡು ಬೆಸೆದು ಉದ್ದ ಮಾಡಿದ್ದರು. ನಾನು ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕ್ರೇನುಗಳ ಉಸ್ತುವಾರಿ ನೋಡುತ್ತಿದ್ದ ಚಾರ್ಜ್‌ಮನ್ನನ ಮಗಳು. ನಮ್ಮಪ್ಪ ಊಟಕ್ಕೆ ಕೂತಾಗ ಕೊಕ್ಕೆಯ ಮಾತು ಬಿಟ್ಟರೆ ಬೇರೆ ಆಡಿದವರಲ್ಲ. ನಾಲಿಗೆ ತನ್ನಷ್ಟಕ್ಕೆ ಗಿಡ್ಡವಾಗುವುದಿಲ್ಲ. ಅದು ತುದಿಗೆ ಮುಟ್ಟದಿದ್ದರೆ ಕೊಕ್ಕೆಯೇ ಭಾರಕ್ಕೆ ಸೋತು ಬಾಯಿ ಬಿಟ್ಟಿದೆ ಎಂದರ್ಥ. ಅಂಥದ್ದನ್ನು ಬಿಸಾಡಬೇಕು. ಇಲ್ಲಿ ಅದಕ್ಕೆ ತೇಪೆ ಹಾಕಿ ಮಲ್ಲಿಗೆ ಮುಡಿಸಿದ್ದರು.

ಸದಾನಂದನನ್ನು ಪಕ್ಕಕ್ಕೆ ಕರೆದು ಹೇಳಿದೆ.

"ಈಗ ಎಂತ ಮಾಡುದು ಅತ್ತಿಗೆ? ಪೂಜೆಗೆ ಇಟ್ಟದ್ದನ್ನು ನಾಳೆ ಬೆಳಿಗ್ಗೆವರೆಗೆ ಮುಟ್ಲಿಕ್ಕಿಲ್ಲ," ಎಂದ.

"ಸರಿ, ನಾಳೆ ಬೆಳಿಗ್ಗೆ ಮುಟ್ತೇನೆ," ಎಂದೆ.

ವಿಜಯದಶಮಿಯ ದಿನ ಶಂಕರನಾರಾಯಣ ಎಂಬುವರ ಕಾರ್ಖಾನೆಗೆ ತಗಡು ಒತ್ತುವ ಒಂದು ದೊಡ್ಡ ಪ್ರೆಸ್ ಇಳಿಸುವುದಿತ್ತು. ಬೀದಿಯ ಲಾರಿಯಿಂದ ಎತ್ತಿ, ಕಾಂಪೌಂಡ್ ಗೋಡೆ ದಾಟಿಸಿ, ಒಳಗಿನ ಕಟ್ಟೆಯ ಮೇಲೆ ಕೂರಿಸಬೇಕು. ಭಾರ ಸುತ್ತದಂತೆ ಪಕ್ಕದಲ್ಲಿ ಹಗ್ಗ ಹಿಡಿದು ದಾರಿ ತೋರಿಸುವವನು ಸದಾನಂದ. ಗೋಡೆಗೂ ಕಟ್ಟೆಗೂ ನಡುವೆ ಒಬ್ಬ ನಿಲ್ಲುವಷ್ಟೇ ಜಾಗ. ಕೊಕ್ಕೆ ಕೈಕೊಟ್ಟರೆ ಅವನಿಗೆ ಓಡಲು ದಾರಿಯೇ ಇಲ್ಲ. ನನ್ನ ಗಂಡ ಹೋಗಿದ್ದು ಸಾಕಾಗಿತ್ತು. ಇವನನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ, ಯಾರು ಏನೇ ಅಂದುಕೊಳ್ಳಲಿ.

ಬೆಳಿಗ್ಗೆ ನಾನು ಶೆಡ್ಡಿಗೆ ಬರುವಷ್ಟರಲ್ಲಿ ಕ್ರೇನ್ ಹೊರಟಾಗಿತ್ತು. ಅದರ ಹಿಂದೆಯೇ ಟ್ಯಾಕ್ಸಿಯಲ್ಲಿ ಹೋದೆ. ಸೀಟಿನ ಕೆಳಗೆ ಒಂದು ಮರದ ಪೆಟ್ಟಿಗೆ ಇಟ್ಟುಕೊಂಡಿದ್ದೆ. ಅದರೊಳಗೆ ಹೊಸ ಕೊಕ್ಕೆ. ರಾಮದಾಸರೇ ತರಿಸಿದ್ದು, ಆದರೆ ಬಂದದ್ದು ಅವರ ಹೆಣ ಎತ್ತಿದ ದಿನ. ಸೂತಕದಲ್ಲಿ ಬಂದ ಕಬ್ಬಿಣವೆಂದು ಪೆಟ್ಟಿಗೆಯ ಮೊಳೆಯನ್ನೂ ಯಾರೂ ಕಿತ್ತಿರಲಿಲ್ಲ.

ಕ್ರೇನಿನ ಡ್ರೈವರ್ ನಾಗಮಣಿ ಪೆಟ್ಟಿಗೆ ನೋಡಿದ್ದೇ ಸೀಟಿನಿಂದ ಇಳಿದುಬಿಟ್ಟ. "ಇದು ವೇಂಡಾಮ್ಮಾ. ಅಯ್ಯಾ ಕೈಪಟ್ಟ ಕೊಕ್ಕಿ ಇರುಕ್ಕೇ, ಅದು ಪೋದುಂ," ಎಂದ. ಇದು ಬೇಡವಂತೆ, ಅಯ್ಯ ಎಂದರೆ ನನ್ನ ಗಂಡನ ಕೈ ತಾಗಿದ ಕೊಕ್ಕೆ ಇರುವಾಗ ಅದೇ ಸಾಕಂತೆ.

"ಅಯ್ಯನ ಕೈ ನನಗೂ ಗೊತ್ತು ನಾಗಮಣಿ, ಸ್ವಲ್ಪ ಹೆಚ್ಚೇ ಗೊತ್ತು," ಎಂದೆ. ಅವನು ನಾಚಿ ತಲೆ ಕೆಳಗೆ ಹಾಕಿದ. ಅಷ್ಟರಲ್ಲಿ ನಾನು ಉಪ್ಪುಕಾಗದ ತೆಗೆದು ಹಳೆಯ ಕೊಕ್ಕೆಯ ಬಾಗಿನ ಒಳಮೈ ಉಜ್ಜತೊಡಗಿದೆ. ಕುಂಕುಮ ಹೋಯಿತು, ಬೆಳ್ಳಿ ಬಣ್ಣ ಹೋಯಿತು, ಅದರಡಿಯ ಕೆಂಪು, ಅದರಡಿಯ ಹಸಿರು. ವಿಧವೆಯೊಬ್ಬಳು ಹಬ್ಬದ ದಿನ ಪೂಜೆಯ ಕುಂಕುಮ ಒರೆಸುವುದನ್ನು ನೋಡಲು ಬೀದಿಯೇ ನೆರೆದಿತ್ತು. ಕೊನೆಗೆ ಕಬ್ಬಿಣ ಕಂಡಿತು. ಅದರ ಮೇಲೆ ಕೂದಲೆಳೆಯಂಥ ಒಂದು ಕಪ್ಪು ಗೆರೆ.

"ಗೀರು ಇರ್ಬಹುದು ಅತ್ತಿಗೆ," ಎಂದ ಸದಾನಂದ. ದನಿ ಮಾತ್ರ ಇಳಿದಿತ್ತು.

"ಗೀರಾದ್ರೆ ಉಜ್ಜಿದ್ರೆ ಹೋಗ್ತದೆ. ತಗೋ, ನೀನೇ ಉಜ್ಜು."

ಅವನು ಬೆವರುವವರೆಗೆ ಉಜ್ಜಿದ. ಗೆರೆ ಹೋಗಲಿಲ್ಲ.

ಶಂಕರನಾರಾಯಣರು ಗಡಿಯಾರ ನೋಡುತ್ತ ಬಂದರು. ರಾಹುಕಾಲ ಹತ್ತಿರ ಬಂತು, ಅದರೊಳಗೆ ಮಿಷನ್ ಇಳಿಯಲೇಬೇಕು ಎಂದು ಪಟ್ಟು ಹಿಡಿದರು. "ರಾಹುಕಾಲದಲ್ಲಿ ಶುಭಕಾರ್ಯ ಬೇಡ ಸ್ವಾಮಿ. ಆ ಹೊತ್ತಿನಲ್ಲಿ ನಾವು ಕೊಕ್ಕೆ ಬದಲಿಸ್ತೇವೆ, ಅದು ಮುಗಿದ ಮೇಲೆ ಎತ್ತುವ," ಎಂದೆ. ಅವರು ಗಡಿಯಾರವನ್ನು ಇನ್ನೊಮ್ಮೆ ನೋಡಿ ನೆರಳಿಗೆ ಹೋಗಿ ಕೂತರು.

ನೆರೆದವರಲ್ಲಿ ಒಬ್ಬ, ಅಷ್ಟು ನಂಬಿಕೆ ಇದ್ದರೆ ಆಯಮ್ಮನೇ ಕೆಳಗೆ ನಿಲ್ಲಲಿ ಎಂದು ಕುಹಕವಾಡಿದ. "ಒಳ್ಳೆ ಕೊಕ್ಕೆಯಾದ್ರೂ ಬುದ್ಧಿ ಇರುವವರು ಕೆಳಗೆ ನಿಲ್ಲುವುದಿಲ್ಲ. ನೀವೂ ಸರಿಯಿರಿ ಅತ್ಲಾಗೆ," ಎಂದು ಅಟ್ಟಿದೆ.

ಹೊಸ ಕೊಕ್ಕೆಯ ಅಚ್ಚು ಓದಿ, ಪ್ರೆಸ್ಸಿನ ತೂಕಕ್ಕಿಂತ ಅದರ ಟನ್ನು ಹೆಚ್ಚೇ ಇದೆಯೆಂದು ಖಾತ್ರಿ ಮಾಡಿಕೊಂಡೆ. ಸದಾನಂದ ಹಳೆಯದನ್ನು ಬಿಚ್ಚಿ, ಹೊಸತನ್ನು ಕ್ರೇನಿನ ಹಗ್ಗ ಓಡುವ ಕಪ್ಪಿಗೆ ಸೇರಿಸಿ ನಟ್ಟು ಬಿಗಿದ. ನಟ್ಟು ಬಿಚ್ಚಿಕೊಳ್ಳದಂತೆ ಅಡ್ಡ ಪಿನ್ನು ಹಾಕಿ ಅದರ ಕಾಲು ಮಡಚಿದ. ಕೊಕ್ಕೆ ಕೈಯಲ್ಲಿ ಸಲೀಸಾಗಿ ತಿರುಗಿತು. ಪ್ರೆಸ್ಸಿಗೆ ಸುತ್ತಿದ ಉಕ್ಕಿನ ಹಗ್ಗ ಕೊಕ್ಕೆಯ ತುದಿಯಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಕೆಳಗಿಳಿಸಿ ಕೊಕ್ಕೆಯ ಬಾಗಿನ ತಳದಲ್ಲಿ ಕೂರಿಸು ಎಂದೆ. ಕೂರಿಸಿದ. ನಾಲಿಗೆ ಟಪ್ಪೆಂದು ಮುಚ್ಚಿಕೊಂಡಿತು.

ನಾಗಮಣಿ ಮುಖ ಗಂಟಿಕ್ಕಿಕೊಂಡೇ ಹತ್ತಿ ಕೂತ. ಮೊದಲು ಗೇಣಷ್ಟೇ ಎತ್ತಿಸಿದೆ. ಪ್ರೆಸ್ಸು ಗಾಳಿಯಲ್ಲಿ ನಿಂತಿತು. ಯಾರೂ ಹತ್ತಿರ ಹೋಗಕೂಡದೆಂದೆ. ಕೊಕ್ಕೆ, ಪಿನ್ನು, ಹಗ್ಗ, ಒಂದೊಂದನ್ನೂ ದೂರದಿಂದಲೇ ನೋಡಿದೆ. ಇಳಿಸಿ ಮತ್ತೆ ಎತ್ತಿಸಿದೆ. ಸದಾನಂದನಿಗೆ ಉದ್ದನೆಯ ಹಗ್ಗ ಕೊಟ್ಟು ಗೋಡೆಯ ಹೊರಗೆ, ಪಕ್ಕಕ್ಕೆ ದೂರ ನಿಲ್ಲಿಸಿದೆ. ಇಷ್ಟು ವರ್ಷ ಅವನನ್ನು ಅಂಥ ಇಕ್ಕಟ್ಟುಗಳಲ್ಲಿ ನಿಲ್ಲಿಸಿದ್ದೇ ತಪ್ಪು. ಪ್ರೆಸ್ಸು ಗೋಡೆ ದಾಟಿ ಕಟ್ಟೆಯ ಮೇಲೆ ಮೆತ್ತಗೆ ಕೂತಿತು. ಶಂಕರನಾರಾಯಣರು ಕರ್ಪೂರ ಹಚ್ಚಿದರು.

ಶೆಡ್ಡಿಗೆ ಮರಳಿದ ಮೇಲೆ ಸದಾನಂದ ಹಳೆಯ ಕೊಕ್ಕೆಯನ್ನು ಒರೆಸಿ, ಅಣ್ಣನ ಫೋಟೋದ ಪಕ್ಕ ತೂಗಹಾಕುತ್ತೇನೆಂದ.

"ಬೇಡ. ಗೋಡೆಯಲ್ಲಿದ್ದ ಕೊಕ್ಕೆಯನ್ನು ಅವಸರಕ್ಕೆ ಒಂದು ದಿನ ಯಾರಾದ್ರೂ ಇಳಿಸ್ತಾರೆ. ಒಡೆಸು."

"ಅತ್ತಿಗೆ, ಅಣ್ಣನ ಕೊಕ್ಕೆ ಅದು!"

"ಅದಕ್ಕೇ ನಾನೇ ಹೇಳ್ತಿದ್ದೇನೆ."

ನಾಗಮಣಿ ಕೊಕ್ಕೆಯನ್ನು ಎರಡು ಹಳಿತುಂಡುಗಳ ನಡುವೆ ಸಿಕ್ಕಿಸಿ ಸುತ್ತಿಗೆ ಎತ್ತಿದ. ಎತ್ತಿ ಎತ್ತಿ ಹೊಡೆಯಬೇಕಾದೀತು ಎಂದುಕೊಂಡಿದ್ದೆವು. ಅದು ಬಹಳ ಬೇಗ ಮುರಿಯಿತು. ಮುರಿದ ಮುಖದ ಮುಕ್ಕಾಲು ಪಾಲು ತುಕ್ಕು ಹಿಡಿದು ಕಪ್ಪಾಗಿತ್ತು. ಹೊಳೆಯುತ್ತಿದ್ದ ಗಟ್ಟಿ ಕಬ್ಬಿಣ ಅಂಚಿನಲ್ಲಿ ಬೆರಳಷ್ಟು ಅಗಲ. ಅಷ್ಟು ಕಬ್ಬಿಣಕ್ಕೆ ನಾವು ಇಡೀ ವರ್ಷ ಜೋತುಬಿದ್ದಿದ್ದೆವು.

ಸುಗುಣಾ ಬಂದು ನೋಡಿದಳು. "ಇವರು ಎಲ್ಲಿ ನಿಲ್ತಿದ್ರು ಅಕ್ಕ?" ಎಂದು ಕೇಳಿದಳು. ನಾನು ಕ್ರೇನಿನ ಕೊಕ್ಕೆಯ ಕೆಳಗಿನ ನೆಲ ತೋರಿಸಿದೆ. ಅವಳು ಹೋಗಿ ಗಂಡನ ಅಂಗಿಯ ತುದಿ ಹಿಡಿದುಕೊಂಡು ನಿಂತಳು.

"ಆ ನಾಲಿಗೆಗೆ ತುಂಡು ಬೆಸೆಸಿದ್ದು ಯಾರು?" ನಾನು ಸದಾನಂದನನ್ನು ಕೇಳಿದೆ. ಅವನದೇ ಕೆಲಸವಿರಬೇಕೆಂದು ಹಿಂದಿನ ದಿನದಿಂದ ಅವನ ಮೇಲೆ ನನಗೆ ಸಿಟ್ಟಿತ್ತು.

ಅವನು ಬಗ್ಗಿ ಮುರಿದ ತುಂಡೊಂದನ್ನು ಎತ್ತಿಕೊಂಡ. "ಅಣ್ಣನೇ ಅತ್ತಿಗೆ. ಹೊಸತು ಬರುವವರೆಗೆ ನಡೀತದೆ, ನೀನು ಮನೆಯಲ್ಲಿ ಬಾಯಿ ಬಿಡ್ಬೇಡ ಅಂದ. ಅಷ್ಟರಲ್ಲಿ ಹಾಸಿಗೆ ಹಿಡಿದ."

ಹಾಗಾದರೆ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ತಮ್ಮನನ್ನು ಅದರ ಬುಡದಲ್ಲಿ ನಿಲ್ಲಿಸಿದ್ದರು. ಕ್ರೇನ್ ಚಾರ್ಜ್‌ಮನ್ನನ ಮಗಳು ಮನೆಯಲ್ಲಿದ್ದಾಳೆಂದು, ಅವಳು ಆ ಕೊಕ್ಕೆಯನ್ನು ಒಂದು ದಿನವೂ ಬಳಸಲು ಬಿಡುವುದಿಲ್ಲವೆಂದು, ನನ್ನಿಂದ ಮುಚ್ಚಿಟ್ಟಿದ್ದರು.

ಸತ್ತ ಗಂಡನನ್ನು ಬೈಯುವುದು ನಮ್ಮ ಕಡೆ ಇಲ್ಲ. ನಾನು ಬೈದೆ. ಕನ್ನಡದಲ್ಲಿ ಬೈದೆ, ತುಳುವಿನಲ್ಲಿ ಬೈದೆ, ನಾಗಮಣಿಗೂ ತಿಳಿಯಲೆಂದು ತಮಿಳಿನಲ್ಲೂ ಬೈದೆ. ಯಾರೂ ತಡೆಯಲಿಲ್ಲ. ಬೈಗುಳ ಮುಗಿದ ಮೇಲೆ ಸದಾನಂದನ ಎರಡೂ ತೋಳು ಹಿಡಿದು, ಅವನು ಇದ್ದಾನೆ ಎಂದು ಖಾತ್ರಿಯಾಗುವವರೆಗೆ ಅಲುಗಾಡಿಸಿದೆ. ಆಮೇಲೆ ಅತ್ತೆ. ಅವರು ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ.